ವಾರ್ಟ್‌ಬುರ್ಗ್ ಕೋಟೆಯ ಆಯುಧಗಳೆಲ್ಲ ಎಲ್ಲಿಗೆ ಹೋದವು?

ಹಳೆಯ ಫೋಟೊಗಳಲ್ಲಿ ಜರ್ಮನಿಯ ಐಸೆನಾಖ್ ಊರಿನ ವಾರ್ಟ್‌ಬುರ್ಗ್ ಕೋಟೆಯ ಶಸ್ತ್ರಾಗಾರ ತುಂಬಿ ತುಳುಕುತ್ತದೆ, ಈಗ ಹೋದರೆ ಅದರ ಸುಳಿವೇ ಇಲ್ಲ, ಯಾಕೆ ಎಂದು ಕೇಳಿದ್ದೀರಿ. 1946ರಲ್ಲಿ ಸೋವಿಯತ್ ಸೇನೆ ಅದನ್ನು ಸಾಗಿಸಿಕೊಂಡು ಹೋಯಿತು. ಹೋದದ್ದು ಸುಮಾರು 800 ವಸ್ತುಗಳು.

ಅದು ಮೂಲತಃ ಸ್ಯಾಕ್ಸ್-ವೈಮಾರ್-ಐಸೆನಾಖ್ ಡ್ಯೂಕ್ ಮನೆತನದ ಸಂಗ್ರಹ. 19ನೇ ಶತಮಾನದಲ್ಲಿ ಗ್ರ್ಯಾಂಡ್ ಡ್ಯೂಕ್ ಕಾರ್ಲ್ ಅಲೆಕ್ಸಾಂಡರ್ ಕೋಟೆಯನ್ನು ಜೀರ್ಣೋದ್ಧಾರ ಮಾಡಿಸಿದಾಗ ಹೊಸದಾಗಿ ಎದ್ದ ಡಿರ್ನಿಟ್ಸ್ ಕಟ್ಟಡದಲ್ಲಿ ಅದಕ್ಕೆ ನೆಲೆ ಸಿಕ್ಕಿತು. ಫ್ರಾನ್ಸಿನ ದೊರೆ 2ನೇ ಹೆನ್ರಿ, ಪೋಪ್ 2ನೇ ಜೂಲಿಯಸ್, ಮೂವತ್ತು ವರ್ಷಗಳ ಯುದ್ಧದ ದಂಡನಾಯಕ ಬೆರ್ನ್‌ಹಾರ್ಡ್ ಇವರ ಹೆಸರಿನ ವಸ್ತುಗಳು ಅಲ್ಲಿದ್ದವು. 1521ರಲ್ಲಿ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರನನ್ನು ಇದೇ ಕೋಟೆಯಲ್ಲಿ ಬಚ್ಚಿಟ್ಟು ಕಾಪಾಡಿದ ಸ್ಯಾಕ್ಸನಿಯ ದೊರೆ ಫ್ರೀಡ್ರಿಖ್‌ನ ಹೆಸರಿನವೂ ಇದ್ದವು. ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟವೆನಿಸುವುದು ಅವೇ.

ಡ್ರೆಸ್ಡೆನ್ನಿನ ಶಸ್ತ್ರಾಗಾರವೂ ಹೀಗೆಯೇ ಹೋಗಿತ್ತು, ಆದರೆ 1958ರಲ್ಲಿ ಮರಳಿತು. ವಾರ್ಟ್‌ಬುರ್ಗ್‌ಗೆ 1960ರ ದಶಕದಲ್ಲಿ ಬಂದದ್ದು ಕೆಲವೇ ಕೆಲವು. 1990ರ ಜರ್ಮನ್-ಸೋವಿಯತ್ ಒಪ್ಪಂದದಲ್ಲಿ ಕಲಾವಸ್ತುಗಳನ್ನು ಹಿಂದಿರುಗಿಸುವ ಮಾತಿದೆ. ಆದರೆ 1998ರಲ್ಲಿ ರಷ್ಯಾ ಇಂಥ ವಸ್ತುಗಳನ್ನು ತನ್ನ ಸ್ವತ್ತೆಂದು ಕಾನೂನು ಮಾಡಿಕೊಂಡ ಮೇಲೆ ದಾರಿ ಬಹಳ ಕಿರಿದಾಯಿತು.

ಯಾರಾದರೂ ‘ಇದು ವಾರ್ಟ್‌ಬುರ್ಗ್‌ನದು’ ಎಂದು ಕವಚ ಮಾರಲು ಬಂದರೆ ಮೊದಲು 1912ರಲ್ಲಿ ಡೀನರ್-ಶೋನ್‌ಬರ್ಗ್ ಪ್ರಕಟಿಸಿದ ಈ ಸಂಗ್ರಹದ ಕ್ಯಾಟಲಾಗ್ ತೆಗೆಯಿರಿ. ಅದರ ಚಿತ್ರಗಳ ಪಕ್ಕದಲ್ಲಿಟ್ಟು, ಆಮ್ಲದಿಂದ ಕೊರೆದ ಚಿತ್ತಾರವನ್ನು ಗೆರೆಗೆರೆಯಾಗಿ ಹೋಲಿಸಿ. ಚರ್ಮದ ಪಟ್ಟಿ, ರಿವೆಟ್‌ಗಳನ್ನು ನಂಬಬೇಡಿ. ದುರಸ್ತಿಯಲ್ಲಿ ಮೊದಲು ಬದಲಾಗುವುದೇ ಅವು. ಎದೆಕವಚದ ಕುತ್ತಿಗೆಯಂಚಿನಲ್ಲಿ ಊರಿನ ಮುದ್ರೆ ಹುಡುಕಿ: ಔಗ್ಸ್‌ಬುರ್ಗ್‌ನದಾದರೆ ಪೈನ್ ಕಾಯಿ, ನ್ಯೂರೆಂಬರ್ಗ್‌ನದಾದರೆ ಮಣಿವೃತ್ತದೊಳಗೆ ‘ಎನ್’ ಅಕ್ಷರ. ಎಮರಿ (ಲೋಹ ಉಜ್ಜುವ ಒರಟು ಪುಡಿ) ಹಾಕಿ ಉಜ್ಜಿದ ಕವಚದಲ್ಲಿ ಈ ಮುದ್ರೆ ಅಳಿಸಿಹೋಗಿರುವುದುಂಟು. ಮುದ್ರೆ ಸಿಕ್ಕರೂ ಅದು ಹೇಳುವುದು ತಯಾರಾದ ಊರನ್ನು ಮಾತ್ರ, ಯಾವ ಕೋಟೆಯಲ್ಲಿತ್ತು ಎಂಬುದನ್ನಲ್ಲ. ಆಮೇಲೆ ಕ್ಯಾಲಿಪರ್ ಹಿಡಿದು ದಪ್ಪ ಅಳೆಯಿರಿ. ಸುತ್ತಿಗೆಯಲ್ಲಿ ಬಡಿದು ಮಾಡಿದ ಹಳೆಯ ಎದೆಕವಚ ಸಾಮಾನ್ಯವಾಗಿ ನಡುವೆ ದಪ್ಪ, ಅಂಚಿನ ಕಡೆಗೆ ತೆಳು. ಎಲ್ಲೆಡೆ ಒಂದೇ ದಪ್ಪ ಬಂದರೆ ಅದು ಕಾರ್ಖಾನೆಯ ತಗಡಿನಲ್ಲಿ ಮಾಡಿದ 19ನೇ ಶತಮಾನದ ನಕಲಿರಬಹುದು.

ಎಲ್ಲವೂ ತಾಳೆಯಾದರೆ ಅದು ಕೋಟೆಯಿಂದ ಹೋದ ವಸ್ತುವೇ ಇರಬಹುದು; ಕೊಳ್ಳಬೇಡಿ, ತೊಳೆಯಲೂ ಬೇಡಿ. ಒಳಮೈಯ ತುಕ್ಕು, ಹಳೆಯ ಬಣ್ಣ, ಅಂಟಿಸಿದ ಚೀಟಿಯ ಗುರುತು ಇವೆಲ್ಲ ಸಾಕ್ಷ್ಯ. ಒಳಗೆ ಹೊರಗೆ ಫೋಟೊ ತೆಗೆದು ನೇರವಾಗಿ ಕೋಟೆಯ ವಸ್ತುಸಂಗ್ರಹಾಲಯಕ್ಕೆ ಬರೆಯಿರಿ.