ಅಥ್ಲೆಟಿಕ್ ಟ್ರೈನಿಂಗ್: ಸೀಟಿಗಿಂತ ಮೊದಲು ಮಾನ್ಯತೆ ನೋಡಿ

ಪ್ರಶ್ನೆ: ಮಗಳು ಬಿಪಿಟಿ (ಫಿಸಿಯೋಥೆರಪಿ ಪದವಿ) ಕೊನೆಯ ವರ್ಷದಲ್ಲಿದ್ದಾಳೆ. ಅಮೆರಿಕದಲ್ಲಿ ಅಥ್ಲೆಟಿಕ್ ಟ್ರೈನಿಂಗ್ ಓದುತ್ತೇನೆ ಎನ್ನುತ್ತಾಳೆ. ಇದು ಕೋಚಿಂಗ್ ಕೋರ್ಸೇ? ಮುಂದೆ ಕೆಲಸ ಸಿಗುತ್ತದೆಯೇ?

ಉತ್ತರ: ಹೆಸರೇ ದಾರಿ ತಪ್ಪಿಸುವಂತಿದೆ. ಅಮೆರಿಕದಲ್ಲಿ ಅಥ್ಲೆಟಿಕ್ ಟ್ರೈನರ್ ಎಂದರೆ ಕೋಚ್ ಅಲ್ಲ, ಜಿಮ್ ಟ್ರೈನರ್ ಅಂತೂ ಅಲ್ಲವೇ ಅಲ್ಲ. ವೈದ್ಯರೊಂದಿಗೆ ಕೆಲಸ ಮಾಡುವ ಆರೋಗ್ಯ ವೃತ್ತಿಪರರು ಇವರು. ಆಟಗಾರ ಬಿದ್ದ ಕ್ಷಣದಿಂದ ಮತ್ತೆ ಅಂಗಳಕ್ಕಿಳಿಯುವವರೆಗಿನ ಆರೈಕೆ ಇವರದು. ಬಿಸಿಲಲ್ಲಿ ಓಡುತ್ತ ಕುಸಿದವನಿಗೆ ಬುದ್ಧಿ ಮಂಕಾಗಿದೆ, ಗುದದ ತಾಪಮಾನ 40.5 ಡಿಗ್ರಿ ಸೆಲ್ಸಿಯಸ್ ದಾಟಿದೆ ಎನ್ನಿ. ಆಂಬುಲೆನ್ಸಿಗೆ ಹೇಳಿ, ಅದು ಬರಲೆಂದು ಕಾಯದೆ ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ತಾಪ ಸುಮಾರು 38.9ಕ್ಕೆ ಇಳಿದ ಮೇಲೆಯೇ ಆಸ್ಪತ್ರೆಗೆ ಸಾಗಿಸುವುದು. ಬಾಯಿಯ ಅಥವಾ ಹಣೆಯ ಥರ್ಮಾಮೀಟರ್ ಇಲ್ಲಿ ಕಡಿಮೆ ತೋರಿಸಿ ಕೈಕೊಡಬಹುದು. ಮೈದಾನದಲ್ಲಿ ನಿಂತು ಹೀಗೆ ನಿರ್ಧರಿಸುವುದೇ ಈ ಓದಿನ ತಿರುಳು.

ಈಗ ಇದು ಸ್ನಾತಕೋತ್ತರ ಕೋರ್ಸು, ಸಾಮಾನ್ಯವಾಗಿ ಎರಡು ವರ್ಷ. ಪದವಿ ಮಟ್ಟದ ಕೋರ್ಸುಗಳು 2022ರ ನಂತರ ಹೊಸಬರನ್ನು ಸೇರಿಸಿಕೊಳ್ಳುತ್ತಿಲ್ಲ. ಪ್ರವೇಶಕ್ಕೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಶ್ಶಾಸ್ತ್ರ, ಅನಾಟಮಿ, ಫಿಸಿಯಾಲಜಿ ಕಾಲೇಜು ಮಟ್ಟದಲ್ಲಿ ಆಗಿರಬೇಕು. ಪಿಯುಸಿಯ ಕೆಮಿಸ್ಟ್ರಿ, ಫಿಸಿಕ್ಸ್ ಸಾಲದೆ ಬಿಪಿಟಿಯವರು ಎಡವುವುದು ಇಲ್ಲೇ. ಮಗಳ ಅಂಕಪಟ್ಟಿ ಈಗಲೇ ತೆಗೆದು ನೋಡಿ.

ಇನ್ನೂ ದೊಡ್ಡ ಗುಂಡಿ ಮಾನ್ಯತೆಯದು. ಈ ಕೋರ್ಸುಗಳಿಗೆ ಮಾನ್ಯತೆ ಕೊಡುವ ಅಲ್ಲಿನ ಸಂಸ್ಥೆ 'ಸಿಎಎಟಿಇ'. ಅದರ ಮಾನ್ಯತೆಯ ವೃತ್ತಿಪ್ರವೇಶ ಕೋರ್ಸು ಮುಗಿಸಿದವರಿಗೆ ಟ್ರೈನರ್ ಪ್ರಮಾಣಪತ್ರದ 'ಬಿಒಸಿ' ಪರೀಕ್ಷೆಯ ದಾರಿ ತೆರೆಯುತ್ತದೆ: 175 ಪ್ರಶ್ನೆ, ನಾಲ್ಕು ಗಂಟೆ. ಬರೀ ಬಿಪಿಟಿಯಿಂದ ಈ ಪರೀಕ್ಷೆಗೆ ಕೂರಲಾಗದು. ಎಕ್ಸರ್ಸೈಸ್ ಸೈನ್ಸ್ ಎಂಎಸ್ ಮಾಡಿದರೂ ಅಷ್ಟೆ. 'ಪೋಸ್ಟ್-ಪ್ರೊಫೆಷನಲ್' ಎಂದು ಬರೆದಿದ್ದರೆ ಅದು ಈಗಾಗಲೇ ಟ್ರೈನರ್ ಆದವರಿಗೆ. ಮೊದಲ ಯತ್ನದಲ್ಲೇ ಪಾಸಾದವರ ಪ್ರಮಾಣವನ್ನು ಕಾಲೇಜುಗಳು ಪ್ರಕಟಿಸಲೇಬೇಕು. ಮೂರು ವರ್ಷಗಳದನ್ನು ಕೂಡಿಸಿದಾಗ ಶೇ 70ಕ್ಕಿಂತ ಕೆಳಗಿದ್ದರೆ ಆ ಕಾಲೇಜು ಬಿಡಿ.

ಕೆಲಸ ಶಾಲೆ, ವಿಶ್ವವಿದ್ಯಾಲಯ, ಕ್ಲಿನಿಕ್, ಸೇನೆ, ವೃತ್ತಿಪರ ತಂಡಗಳಲ್ಲಿ ಇದೆ. ತಂಡಗಳ ಹುದ್ದೆಗಳು ಹೊರಗಿನಿಂದ ಕಾಣುವಷ್ಟು ಹೆಚ್ಚಿಲ್ಲ. ಸಂಜೆ, ವಾರಾಂತ್ಯ, ಪ್ರಯಾಣ ತಪ್ಪಿದ್ದಲ್ಲ. ಹಲವರು ಬೇಸತ್ತು ಬಿಡುವುದು ಇದಕ್ಕೇ. ಅಲ್ಲಿನ ಸರ್ಕಾರಿ ಅಂಕಿಅಂಶದಂತೆ 2023ರ ಮೇ ತಿಂಗಳಲ್ಲಿ ಮಧ್ಯಮ ವಾರ್ಷಿಕ ಸಂಬಳ 57,930 ಡಾಲರ್, ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಕಡಿಮೆ ಪಡೆಯುತ್ತಾರೆ. ಫಿಸಿಯೋಗಳದು 99,710 ಡಾಲರ್. ಸಾಲ ಮಾಡಿ ಹೋಗುವವರು ಇವೆರಡನ್ನೂ ಎದುರಿಗಿಟ್ಟುಕೊಂಡು ಲೆಕ್ಕ ಹಾಕಬೇಕು.

ವೀಸಾ ವಿಷಯಕ್ಕೆ ಬಂದರೆ, ಓದಿನ ಬಳಿಕ ಕೆಲಸಕ್ಕೆ ಒಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) ಅಡಿ 12 ತಿಂಗಳು ಸಿಗುತ್ತದೆ. ಆಮೇಲೆ ಎಚ್-1ಬಿ ಎಂಬ ಉದ್ಯೋಗ ವೀಸಾ ಬೇಕು. ವಿಶ್ವವಿದ್ಯಾಲಯಗಳು ಅದರ ವಾರ್ಷಿಕ ಮಿತಿ ಮತ್ತು ಲಾಟರಿಯಿಂದ ಹೊರಗಿವೆ, ಖಾಸಗಿ ಕ್ಲಿನಿಕ್‌ಗಳು ಒಳಗಿವೆ. ಆದ್ದರಿಂದ ಮೊದಲ ಅರ್ಜಿಗಳು ವಿಶ್ವವಿದ್ಯಾಲಯಗಳಿಗೇ ಹೋಗಲಿ. ಭಾರತಕ್ಕೆ ಮರಳಿ ತಂಡಗಳ ಜೊತೆ ಕೆಲಸ ಮಾಡುವ ಇರಾದೆಯಿದ್ದರೆ ಮಾತ್ರ ನನ್ನ ಸಲಹೆ ಬೇರೆ: ಇಲ್ಲಿ ತಂಡಗಳು, ಅಕಾಡೆಮಿಗಳು ಕೇಳುವುದು ಫಿಸಿಯೋಗಳನ್ನು, ಹಾಗಾಗಿ ಸ್ಪೋರ್ಟ್ಸ್ ಎಂಪಿಟಿಯೇ (ಕ್ರೀಡಾ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ಹತ್ತಿರದ ದಾರಿ.