ರಾಟರ್‌ಡ್ಯಾಮ್ ನೋಡಲು ಒಂದು ದಿನ ಸಾಕೇ?

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಉಳಿದುಕೊಂಡು ಒಂದೇ ದಿನದಲ್ಲಿ ರಾಟರ್‌ಡ್ಯಾಮ್‌ಗೆ ಹೋಗಿಬರಬಹುದೇ, ಅಲ್ಲಿ ಗಾಜಿನ ಕಟ್ಟಡಗಳೇ ಯಾಕೆ ಇಷ್ಟು, ಅವನ್ನು ಬಿಟ್ಟರೆ ಏನಿದೆ ಎಂದು ಕೇಳಿದ್ದೀರಿ. ಒಂದು ದಿನ ಧಾರಾಳ. ಸೋಮವಾರ ಮಾತ್ರ ಬೇಡ, ಮ್ಯೂಸಿಯಂಗಳು ಬಹುತೇಕ ಮುಚ್ಚಿರುತ್ತವೆ. ಮಂಗಳವಾರ ಇಲ್ಲವೇ ಶನಿವಾರವಾದರೆ ನಗರದ ನಡುವಿನ ಬಿನ್ನೆನ್‌ರೋಟೆ ಚೌಕದ ಬಯಲು ಸಂತೆಯೂ ಸಿಗುತ್ತದೆ.

ರೈಲು ಹತ್ತುವಾಗ ಹೆಚ್ಚಿನವರು ಎಡವುವುದು ಬ್ಯಾಂಕ್ ಕಾರ್ಡಿನಲ್ಲಿ. ಟ್ಯಾಪ್ ಆಗುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಟಿಕೆಟ್ ಬೇಡ, ಸ್ಟೇಷನ್ ಗೇಟಿಗೆ ಮುಟ್ಟಿಸಿದರೆ ಸಾಕು. ಆದರೆ ಭಾರತದ ಕಾರ್ಡುಗಳಲ್ಲಿ 2020ರ ಆರ್‌ಬಿಐ ನಿಯಮದಂತೆ ವಿದೇಶಿ ಬಳಕೆಯೂ ಟ್ಯಾಪ್ ಸೌಲಭ್ಯವೂ ಆಫ್ ಆಗಿಯೇ ಬರುತ್ತವೆ. ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ಎರಡನ್ನೂ ಆನ್ ಮಾಡಿಕೊಳ್ಳಿ. ತಲೆಗೊಂದು ಕಾರ್ಡ್ ಬೇಕು, ಗಂಡ ಹೆಂಡತಿ ಒಂದರಲ್ಲೇ ಹೋಗುವಂತಿಲ್ಲ. ಒಳಹೋಗುವಾಗ ಫೋನ್, ಹೊರಬರುವಾಗ ಪ್ಲಾಸ್ಟಿಕ್ ಕಾರ್ಡ್ ಮುಟ್ಟಿಸಿದರೆ ಖಾತೆ ಒಂದೇ ಆದರೂ ಯಂತ್ರದ ಲೆಕ್ಕದಲ್ಲಿ ನೀವು ಇಬ್ಬರು, ಎರಡು ಅರೆಬರೆ ಪ್ರಯಾಣ, ದುಡ್ಡು ಹೆಚ್ಚು ಕಡಿತ.

ಇಂಟರ್‌ಸಿಟಿ ಡೈರೆಕ್ಟ್ ಎಂಬ ವೇಗದ ರೈಲಿನಲ್ಲಿ ಸುಮಾರು 40 ನಿಮಿಷದ ದಾರಿ, ಅದಕ್ಕೆ ಹೆಚ್ಚುವರಿ ಶುಲ್ಕವಿದೆ. ಲೈಡನ್, ಹೇಗ್ ಮೇಲಿಂದ ಹೋಗುವ ಮಾಮೂಲಿ ರೈಲಿಗೆ ಆ ಶುಲ್ಕವಿಲ್ಲ, ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ಸೆಂಟ್ರಾಲ್ ಸ್ಟೇಷನ್ನಿನಿಂದ ನದಿಯ ಕಡೆಗೆ ನಡೆಯಿರಿ, ಉಲ್ಟಾ ಬೇಡ. 1940ರ ಮೇ 14ರಂದು ಜರ್ಮನ್ ಬಾಂಬುಗಳು ನಗರದ ಹೊಟ್ಟೆಯನ್ನೇ ಸುಟ್ಟುಹಾಕಿದವು. ಬೆಂಕಿ ಎಲ್ಲಿಗೆ ನಿಂತಿತೋ ಆ ಗೆರೆಯುದ್ದಕ್ಕೂ ಪಾದಚಾರಿ ಹಾದಿಯಲ್ಲಿ ದುಂಡು ದೀಪಗಳನ್ನು ಹುಗಿದಿದ್ದಾರೆ. ಗಾಜು ಯಾಕೆ ಇಷ್ಟು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಕಾಲಡಿಯಲ್ಲೇ ಇದೆ: ಹಳೆಯದು ಸುಟ್ಟುಹೋದ ಜಾಗದಲ್ಲಿ ಹೊಸದಾಗಿ ಕಟ್ಟಿದ ನಗರ ಇದು. 1953ರ ಲೈನ್‌ಬಾನ್ ಅಂಗಡಿಬೀದಿ ಹಾದು, ಸುಟ್ಟು ಮತ್ತೆ ಎದ್ದ ಲಾರೆನ್ಸ್ ಚರ್ಚ್ ನೋಡಿಕೊಂಡು ಮಾರ್ಕ್‌ಟ್‌ಹಾಲ್‌ಗೆ ಬನ್ನಿ. ಕುದುರೆಲಾಳದ ಆಕಾರದ ಈ ಸಂತೆಮನೆಯ ಕಮಾನಿನಲ್ಲೇ ಜನ ವಾಸವಿದ್ದಾರೆ, ಕೆಲವು ಮನೆಗಳ ಕಿಟಕಿ ತರಕಾರಿ ಅಂಗಡಿಗಳ ಮೇಲಕ್ಕೇ ತೆರೆಯುತ್ತದೆ.

ಪಕ್ಕದಲ್ಲೇ ವಾಸ್ತುಶಿಲ್ಪಿ ಪೀಟ್ ಬ್ಲೋಮ್ ವಿನ್ಯಾಸದ ಘನಾಕೃತಿ ಮನೆಗಳು. ಹೊರಗೆ ಫೋಟೊ ತೆಗೆದು ಹೊರಡಬೇಡಿ. ಒಂದನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ, ಸಣ್ಣ ಶುಲ್ಕ ಕೊಟ್ಟು ಒಳಗೆ ಹೋಗಿ. ಘನವನ್ನು ಮೂಲೆಯ ಮೇಲೆ ನಿಲ್ಲಿಸಿದ ಹಾಗಿರುವುದರಿಂದ ಗೋಡೆಗಳೆಲ್ಲ ವಾಲಿವೆ, ಬೀರುವನ್ನು ಗೋಡೆಗೆ ಒರಗಿಸುವುದು ಅಸಾಧ್ಯ. ಸುಮಾರು ನೂರು ಚದರ ಮೀಟರಿನಲ್ಲಿ ಕಾಲು ಭಾಗ ಬಳಕೆಗೇ ಬಾರದು. ಮೆಟ್ಟಿಲು ಕಡಿದು, ಮಂಡಿನೋವಿದ್ದವರಿಗೆ ಬೇಡ.

ಅಲ್ಲಿಂದ ನದಿದಂಡೆ ಹಿಡಿದು 1996ರ ಎರಾಸ್ಮಸ್ ಸೇತುವೆ ದಾಟಿ. 802 ಮೀಟರ್ ಉದ್ದದ ಸೇತುವೆ, ಗಾಳಿ ಎಂದರೆ ಗಾಳಿ! ಛತ್ರಿ ತಿರುಚಿಕೊಳ್ಳುತ್ತದೆ, ಟೋಪಿಯಿರುವ ಮಳೆಕೋಟೇ ಸರಿ. ಕೆಂಪು ಡಾಂಬರಿನ ಪಟ್ಟಿ ಸೈಕಲ್‌ಗಳದ್ದು, ಸೆಲ್ಫಿಗೆಂದು ಅದರ ಮೇಲೆ ನಿಲ್ಲಬೇಡಿ. ಆಚೆ ದಂಡೆಯ ತುದಿಯಲ್ಲಿ ಹೋಟೆಲ್ ನ್ಯೂಯಾರ್ಕ್, ಹಿಂದೆ ಅಮೆರಿಕಕ್ಕೆ ವಲಸಿಗರನ್ನು ಸಾಗಿಸುತ್ತಿದ್ದ ಹಡಗು ಕಂಪನಿಯ ಕಚೇರಿ. ಇಲ್ಲಿಯವರೆಗೆ ಸುಮಾರು ಐದು ಕಿಲೋಮೀಟರ್. ಕಾಲು ಸೋತರೆ ವಿಲ್ಹೆಲ್ಮಿನಾಪ್ಲೇನ್ ಸ್ಟೇಷನ್ನಿನಿಂದ ಡಿ ಅಥವಾ ಇ ಮಾರ್ಗದ ಮೆಟ್ರೊ ನೇರ ಸೆಂಟ್ರಾಲ್‌ಗೆ. ಅಲ್ಲಿ ಮೆಟ್ರೊ ಗೇಟಿನಲ್ಲಿ ಟ್ಯಾಪ್ ಮಾಡಿ ಹೊರಬಂದು, ರೈಲಿನ ಗೇಟಿನಲ್ಲಿ ಮತ್ತೆ ಟ್ಯಾಪ್ ಮಾಡಬೇಕು.

ಸಸ್ಯಾಹಾರಿಗಳಿಗೆ ಸುರಿನಾಮಿ (ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಅಡುಗೆಯ) ಅಂಗಡಿಯ ರೋಟಿ ಸೇಫ್, ಆಲೂಗಡ್ಡೆ, ಉದ್ದ ಬೀನ್ಸ್ ಪಲ್ಯ. 'ವೆಗಾ' (ಸಸ್ಯಾಹಾರಿ) ಎಂದರೂ ಬೇಯಿಸಿದ ಮೊಟ್ಟೆ ಇಟ್ಟೇ ಕೊಡುವುದುಂಟು, ಬೇಡವಾದರೆ 'ಝೋಂಡರ್ ಐ' (ಮೊಟ್ಟೆ ಇಲ್ಲದೆ) ಅನ್ನಿ.