ಕರ್ಪೆರೆ ಅಂದರೆ 'ಸೀಜ್' ಅಂತಲೇನಾ?

'ಕರ್ಪೆ ದಿಯೆಮ್' ಅನ್ನೋದನ್ನು ಇಂಗ್ಲಿಷಿನಲ್ಲಿ 'ಸೀಜ್ ದ ಡೇ' ಅನ್ನುತ್ತಾರೆ, ಹಾಗಾದ್ರೆ ಲ್ಯಾಟಿನ್ನಿನ ಕರ್ಪೆರೆ ಕ್ರಿಯಾಪದಕ್ಕೆ ಸೀಜ್ ಅಂತಲೇ ಅರ್ಥವಾ ಅಂತ ಕೇಳಿದ್ದೀರಿ. ಅಲ್ಲ. ಸೀಜ್ ಅಂದ ಕೂಡಲೇ ನನಗಂತೂ ಟ್ರಾಫಿಕ್ ಪೊಲೀಸರು ಗಾಡಿ ಎತ್ತಿಕೊಂಡು ಹೋಗೋದೇ ನೆನಪಾಗುತ್ತದೆ. ಹಾಗೆ ಕಸಿದುಕೊಳ್ಳೋದಕ್ಕೆ ಲ್ಯಾಟಿನ್ನಿನಲ್ಲಿ ರಪೆರೆ ಅಂತ ಬೇರೆ ಪದವೇ ಇದೆ.

ಕರ್ಪೆರೆಯ ಮೂಲ ಅರ್ಥ ಪ್ಲಕ್. ನಾವು ಹೂ ಬಿಡಿಸುತ್ತೇವೆ, ಹಣ್ಣು ಕೀಳುತ್ತೇವಲ್ಲ, ಅದು. ಪೇರ್ ಮರಕ್ಕೆ ಕಸಿ ಕಟ್ಟು, ಹಣ್ಣನ್ನು ನಿನ್ನ ಮೊಮ್ಮಕ್ಕಳು ಕೀಳುತ್ತಾರೆ ಅಂತ ರೋಮನ್ ಕವಿ ವರ್ಜಿಲ್ ಬರೆದ ಕಡೆಯೂ ಇದೇ ಪದ. ಒಂದೇ ಸಲ ಬಾಚಿಕೊಳ್ಳೋದಲ್ಲ, ಒಂದೊಂದಾಗಿ ಬಿಡಿಸೋದು. ಇದು ಮನಸ್ಸಿನಲ್ಲಿದ್ದರೆ ಉಳಿದ ಅರ್ಥಗಳು ತಾವಾಗಿ ಬರುತ್ತವೆ. ಕುರಿ ಹುಲ್ಲನ್ನು ಕಿತ್ತು ಕಿತ್ತು ತಿಂದರೆ ಗ್ರೇಜ್. ದಾರಿಯನ್ನು ಸ್ವಲ್ಪ ಸ್ವಲ್ಪವಾಗಿ ಸವೆಸಿದರೆ ಪ್ರಯಾಣ. ನಿದ್ದೆಗೆ ಸೇರಿಸಿದರೆ ಎಂಜಾಯ್, ಸುಖವಾಗಿ ನಿದ್ದೆ ಮಾಡೋದು.

ನನಗೆ ಜಾಸ್ತಿ ಇಷ್ಟ ಉಣ್ಣೆಯದು. ರೋಮಿನ ಹೆಂಗಸರು ನೂಲೋದಕ್ಕೆ ಉಣ್ಣೆ ಎಳೆ ಬಿಡಿಸೋದಕ್ಕೂ ಕರ್ಪೆರೆ ಅನ್ನುತ್ತಿದ್ದರು, ಅದೇ ಪದಕ್ಕೆ ಒಬ್ಬರ ತಪ್ಪು ಹುಡುಕಿ ಆಡಿಕೊಳ್ಳೋದು ಅನ್ನೋ ಅರ್ಥವೂ ಇದೆ. ನಮ್ಮಲ್ಲೂ ಹತ್ತಿ ಹಿಂಜುತ್ತೇವೆ, ಮುಗಿದು ಹೋದ ವಿಷಯವನ್ನೂ ಹಿಂಜುತ್ತಾ ಕೂರುತ್ತೇವೆ, ಅಲ್ವಾ?

ಈಗ ನಿಮ್ಮ ಸಾಲು. ರೋಮಿನ ಇನ್ನೊಬ್ಬ ಕವಿ ಹೊರೇಸ್ ಇದನ್ನು ಬರೆದದ್ದು ಲ್ಯೂಕೊನೊಯೆ ಅನ್ನೋ ಹೆಣ್ಣಿಗೆ, ಕ್ರಿ.ಪೂ. 23ರ ಹೊತ್ತಿಗೆ ಹೊರಬಂದ ಕವನಗಳಲ್ಲಿ. ಆಯುಸ್ಸು ಎಷ್ಟಿದೆ ಅಂತ ಬ್ಯಾಬಿಲೋನಿನ ಜ್ಯೋತಿಷಿಗಳ ಲೆಕ್ಕ ನೋಡಬೇಡ, ವೈನ್ ಸೋಸು, ಉದ್ದ ಬೆಳೆದ ಆಸೆಯನ್ನು ಕತ್ತರಿಸು ಅಂತ ಹೇಳಿ, ಆಮೇಲೆ 'ಕರ್ಪೆ ದಿಯೆಮ್' ಅನ್ನುತ್ತಾನೆ. ಸೋಸು, ಕತ್ತರಿಸು, ಕೀಳು: ಎಲ್ಲಾ ದ್ರಾಕ್ಷಿ ತೋಟದ ಮಾತುಗಳೇ. ಹಣ್ಣಾಗಿದೆ, ಇವತ್ತೇ ಕಿತ್ತುಕೋ, ನಾಳೆಯನ್ನು ಆದಷ್ಟು ಕಡಿಮೆ ನಂಬು ಅಂತ. ಜಿಮ್ ಗೋಡೆಯ ಮೇಲೆ ಬರೆಸುವ 'ಎದ್ದೇಳು, ಗೆಲ್ಲು' ಅನ್ನೋ ಧಾಟಿ ಇದರಲ್ಲಿ ಇಲ್ಲವೇ ಇಲ್ಲ.

ಅಂದಹಾಗೆ, ಡಿಕ್ಷನರಿಯಲ್ಲಿ ಕರ್ಪೆರೆ ಅಂತ ಹುಡುಕಬೇಡಿ, ಕರ್ಪೋ ಅಂತ ಹುಡುಕಿ. ಲ್ಯಾಟಿನ್ ಡಿಕ್ಷನರಿಗಳಲ್ಲಿ 'ನಾನು ಕೀಳುತ್ತೇನೆ' ಅನ್ನೋ ರೂಪವೇ ಮೊದಲು ಬರುತ್ತದೆ.